ಮೂರು ವಾರದ ಸೊನ್ನೆ

ನಮ್ಮಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಹನ್ನೊಂದು ಬೀದಿಯ ಜನ ಅವಳನ್ನು ಜ್ವರದಕ್ಕ ಎನ್ನುತ್ತಾರೆ. ಕೇಳಿದವರಿಗೆ ಇವಳೇ ಮನೆಮನೆಗೆ ಜ್ವರ ಹಂಚುವವಳೇನೋ ಅನ್ನಿಸಬೇಕು. ನಾನು ಹಾಗೆ ರೇಗಿಸಿದರೆ, ಹಂಚುವುದಕ್ಕೆ ನಿಮ್ಮಂಥವರು ಇದ್ದೀರಲ್ಲ, ನಾನು ಎಣಿಸುವವಳು ಅಷ್ಟೆ ಎನ್ನುತ್ತಿದ್ದಳು. ಅವಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೇಳು ವರ್ಷ ದುಡಿದ ನರ್ಸು. ನಾನು ಅವಳ ತಂಗಿ, ಹೊಲಿಗೆಯವಳು. ಕೆಳಗೆ ನನ್ನ ಅಂಗಡಿ, ಮೇಲೆ ಎರಡು ಕೋಣೆಯ ಮನೆ.

ಭಾವ ಮದುವೆಯಾದ ಮೂರನೇ ವರ್ಷಕ್ಕೇ ತೀರಿಕೊಂಡರು. ಅಕ್ಕ ಅತ್ತದ್ದು ಎಷ್ಟು ದಿನವೋ ನನಗೆ ನೆನಪಿಲ್ಲ, ನಾನು ಚಿಕ್ಕವಳು. ಅವಳು ಓದಲು ಕೂತದ್ದು ಮಾತ್ರ ನೆನಪಿದೆ. ನರ್ಸಾದಳು, ನನ್ನನ್ನು ಸಾಕಿದಳು, ಓದು ನನ್ನ ತಲೆಗೆ ಹತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ ಹೊಲಿಗೆ ಮೆಷಿನ್ ಕೊಡಿಸಿದಳು. ಅವಳಿಗೆ ಒಂದು ಪದ ಕಂಡರೆ ಆಗುತ್ತಿರಲಿಲ್ಲ: ಸುಮಾರು. ಅಂಗಡಿಗೆ ಇವತ್ತು ಸುಮಾರು ಹತ್ತು ಜನ ಬಂದಿದ್ದರು ಎಂದು ನಾನು ಹೇಳಿದರೆ, ಒಂಬತ್ತೋ ಹನ್ನೊಂದೋ ಎಂದು ಕೇಳುವಳು. ಇಂಥವಳ ಜೊತೆ ಬಾಳುವುದು ಸುಲಭವಲ್ಲ ಸ್ವಾಮಿ. ಅಳತೆಯ ಟೇಪಿಗೂ ನನಗೂ ಇರುವ ಸಲಿಗೆ ಅವಳಿಗೂ ನನಗೂ ಇರಲಿಲ್ಲ.

ಅವಳ ಕೆಲಸವೆಂದರೆ ಮನೆಮನೆಗೆ ಹೋಗಿ ಜ್ವರ ಎಷ್ಟು ಜನಕ್ಕಿದೆ ಎಂದು ಬರೆದುಕೊಳ್ಳುವುದು. ಜ್ವರ ಇದೆಯಾ ಎಂದು ಕೇಳಿದರೆ ಯಾರು ಹೌದೆನ್ನುತ್ತಾರೆ? ಅದಕ್ಕೇ ಅವಳು ಕೇಳುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕೇಳುವಳು. ನೀರು ಬರುವಷ್ಟರಲ್ಲಿ ಚಪ್ಪಲಿ ನೋಡುವಳು. ಕೆಲಸಕ್ಕೆ ಹೋಗಿರಬೇಕಾದ ಗಂಡಸಿನ ಚಪ್ಪಲಿ ಹೊಸ್ತಿಲ ಬಳಿ ಇದ್ದರೆ ಒಂದು. ಸೆಕೆಯ ದಿನಗಳಲ್ಲೂ ಕಂಬಳಿ ಒಣಗುತ್ತಿದ್ದರೆ ಇನ್ನೊಂದು. ಮಗುವಿನ ಗಲಾಟೆ ಕೇಳಬೇಕಾದ ಮನೆ ಗಪ್‌ಚಿಪ್ಪಾಗಿದ್ದರೆ ಒಳಗೇ ನುಗ್ಗಿ ಹಣೆ ಮುಟ್ಟುವಳು. ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತಿದ್ದಳೋ ಅದನ್ನೂ ಎಣಿಸಿಟ್ಟಿರಬೇಕು.

ಆ ವರ್ಷ ಫ್ಲೂ ಬಂತು. ಎಲ್ಲ ದೇಶಕ್ಕೂ ಬಂದದ್ದು ನಮ್ಮ ಬೀದಿಗೂ ಬಂತು. ಸರ್ಕಾರ ಎರಡು ನಿಯಮ ಮಾಡಿತು. ಒಂದನೆಯದು, ನರ್ಸುಗಳು ಪ್ರತಿ ಸೋಮವಾರ ಹನ್ನೊಂದು ಗಂಟೆಯೊಳಗೆ ವಾರದ ಜ್ವರದ ಹಾಳೆಯನ್ನು ವಿಭಾಗದ ಕಚೇರಿಗೆ ಮುಟ್ಟಿಸಬೇಕು. ಹಾಳೆಯಲ್ಲಿ ಎಷ್ಟು ಜನವೋ ಅದಕ್ಕೆ ತಕ್ಕಷ್ಟು ಫ್ಲೂ ಮಾತ್ರೆ ಮಂಗಳವಾರ ಆ ಬಡಾವಣೆಗೆ ಬರುತ್ತದೆ, ಗರ್ಭಿಣಿಯರಿಗೆ ಮೊದಲು. ಎರಡನೆಯದು, ಒಂದು ಬೀದಿಯಲ್ಲಿ ಹತ್ತಕ್ಕಿಂತ ಹೆಚ್ಚು ಜ್ವರ ಕಂಡರೆ ಆ ಬೀದಿಗೆ ಎರಡು ವಾರ ಅಡ್ಡಗಂಬ, ಯಾರೂ ಒಳಗೆ ಹೊರಗೆ ಓಡಾಡುವಂತಿಲ್ಲ. ಕಾಯಿಲೆಯವರನ್ನು ಶಾಲೆಯ ಕಟ್ಟಡದಲ್ಲಿ ಮಾಡಿದ್ದ ಜ್ವರದ ವಾರ್ಡಿಗೆ ಸಾಗಿಸುವುದು. ಜನ ಮಾತ್ರೆಯನ್ನು ಮರೆತರು, ಕಂಬವನ್ನು ನೆನಪಿಟ್ಟುಕೊಂಡರು. ಬಾಗಿಲ ಬಳಿಯ ಚಪ್ಪಲಿಗಳು ಒಳಗೆ ಹೋದವು. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿರುಗಿದಳು. ಶನಿವಾರ ಸಂಜೆ ಬಂದು ಕೂತು ಹಾಳೆ ತುಂಬಿದಾಗ ನಲವತ್ತೊಂದು ಜ್ವರ ಇದ್ದವು. ಭಾನುವಾರ ಬೆಳಿಗ್ಗೆ ಅವಳಿಗೇ ಮೈ ಸುಡುತ್ತಿತ್ತು.

ಸೋಮವಾರ ಅವಳಿಗೆ ಎದ್ದು ಕೂರಲೂ ಆಗಲಿಲ್ಲ. ಚೀಲದಿಂದ ಹಾಳೆ ತೆಗೆಸಿ ನನ್ನ ಕೈಗಿಟ್ಟಳು. "ಹನ್ನೊಂದರೊಳಗೆ ಪಟ್ಟಿ ಮೇಷ್ಟ್ರ ಕೈಗೇ ಕೊಡು. ಬೇರೆಯವರ ಕೈಗೆ ಬೇಡ" ಎಂದಳು.

ನಾನು ಕೆಳಗಿಳಿದು ಬಂದು ಅಂಗಡಿಯಲ್ಲಿ ನಿಂತು ಹಾಳೆ ಬಿಡಿಸಿದೆ. ಪೂರ್ತಿ ಓದಲಿಲ್ಲ. ನಮ್ಮ ಬೀದಿಯ ಲೆಕ್ಕ ಎಲ್ಲಿದೆ ಎಂದಷ್ಟೇ ಹುಡುಕಿದೆ. ಹನ್ನೆರಡು ಎಂದಿತ್ತು. ಹನ್ನೆರಡೆಂದರೆ ಕಂಬ. ನಾಲ್ಕು ಮೆಷಿನ್ ಮೇಲೆ ನಾಲ್ಕು ಹೆಣ್ಣುಮಕ್ಕಳು ಮುಖಗವಸು ಹೊಲಿಯುತ್ತಿದ್ದರು, ಆಸ್ಪತ್ರೆಗೇ ಹೋಗಬೇಕಾದ ಕೆಲಸ ಅದು. ಅಕ್ಕನನ್ನೂ ಶಾಲೆಯ ವಾರ್ಡಿಗೆ ಎತ್ತಿಕೊಂಡು ಹೋಗುತ್ತಾರೆ, ಅಲ್ಲಿಂದ ಬಂದವರು ಕಡಿಮೆ ಎಂದು ಜನ ಹೇಳುತ್ತಿದ್ದರು. ಅಕ್ಕನಿಗಾಗಿಯೇ ಹೆದರಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ ಅಂಗಡಿ. ಒಂದು ವಾರ ತಾನೇ, ಮುಂದಿನ ಸೋಮವಾರ ಕೊಟ್ಟರಾಯಿತು ಎಂದುಕೊಂಡು ಹಾಳೆಯನ್ನು ತುಂಡುಬಟ್ಟೆಗಳ ಡ್ರಾಯರಿನ ತಳದಲ್ಲಿ ಹಾಕಿದೆ. ಕಚೇರಿಗೆ ಫೋನ್ ಮಾಡಿ, ಅಕ್ಕನ ಕಾಲು ಉಳುಕಿದೆ, ಕೆಲವು ದಿನ ಬರುವುದಿಲ್ಲ ಎಂದೆ. ಮೇಲೆ ಹೋದಾಗ ಅವಳು, "ಕೊಟ್ಟೆಯಾ?" ಎಂದಳು. ಕೊಟ್ಟೆ ಎಂದೆ.

ಇನ್ನು ಪಟ್ಟಿ ಮೇಷ್ಟ್ರ ವಿಷಯ ಹೇಳಬೇಕು. ಅವರು ಮೇಷ್ಟ್ರೂ ಅಲ್ಲ, ಡಾಕ್ಟರೂ ಅಲ್ಲ, ವಿಭಾಗದ ಕಚೇರಿಯ ಗುಮಾಸ್ತರು. ಎಲ್ಲ ನರ್ಸುಗಳ ಹಾಳೆ ಸೇರಿಸಿ ಒಂದು ಪಟ್ಟಿ ಮಾಡಿ ರಾಜಧಾನಿಗೆ ಕಳಿಸುವವರು. ಪಟ್ಟಿ ತುಂಬುವ ಕಂಪ್ಯೂಟರಿಗೊಂದು ಗುಣವಿತ್ತು: ಒಂದು ಚೌಕ ಖಾಲಿ ಇದ್ದರೂ ಇಡೀ ಪಟ್ಟಿ ಮುಂದಕ್ಕೆ ಹೋಗುತ್ತಿರಲಿಲ್ಲ. ಹನ್ನೊಂದಕ್ಕೆ ಪಟ್ಟಿ ಹೋಗದಿದ್ದರೆ ಇಡೀ ವಿಭಾಗಕ್ಕೆ ಮಾತ್ರೆ ಇಲ್ಲ. ಹಾಗಾಗಿ ಹಾಳೆ ಬರದ ಬಡಾವಣೆಯ ಮುಂದೆ ಮೇಷ್ಟ್ರು ಸೊನ್ನೆ ಹಾಕುತ್ತಿದ್ದರು. ಹಾಳೆ ಬಂದಮೇಲೆ ತಿದ್ದಿದರಾಯಿತು ಎಂದು. ಎಷ್ಟೋ ವರ್ಷದಿಂದ ಎಲ್ಲ ಕಚೇರಿಗಳಲ್ಲೂ ನಡೆದುಬಂದ ಪದ್ಧತಿ ಅದು. ಇಲ್ಲವೆಂದರೂ ಸೊನ್ನೆ, ಗೊತ್ತಿಲ್ಲವೆಂದರೂ ಸೊನ್ನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ರಾಜಧಾನಿಯಲ್ಲಿ ಕೂತಿದ್ದರು. ನಮ್ಮ ಬಡಾವಣೆಯಲ್ಲಿ ಸೊನ್ನೆ ನೋಡಿ ಖುಷಿಪಟ್ಟರು, ಮಂಗಳವಾರ ಮಾತ್ರೆ ಕಳಿಸಲಿಲ್ಲ. ಅಕ್ಕನ ಜಾಗಕ್ಕೆ ಬರಬೇಕಿದ್ದ ಬದಲಿ ನರ್ಸನ್ನೂ, ಸೊನ್ನೆ ಇರುವ ಕಡೆಗೆ ಯಾಕೆ ಎಂದು ಬೇರೆ ಕಡೆಗೆ ಕಳಿಸಿದರು. ಎರಡನೇ ವಾರವೂ ಸೊನ್ನೆ, ಮೂರನೇ ವಾರವೂ ಸೊನ್ನೆ. ಅಷ್ಟರಲ್ಲಿ ಅಕ್ಕ ಬದುಕುವುದೇ ಅನುಮಾನವಾಗಿ, ಆ ಹಾಳೆ ನನ್ನ ತಲೆಯಿಂದ ಹಾರಿಹೋಗಿತ್ತು.

ನಾಲ್ಕನೇ ವಾರ ಅಕ್ಕ ಗೋಡೆ ಹಿಡಿದುಕೊಂಡು ಇಳಿದು ಕಚೇರಿಗೆ ಹೋದಳು. ಮಧ್ಯಾಹ್ನ ಬಂದವಳು ನನ್ನನ್ನು ಏನೂ ಕೇಳಲಿಲ್ಲ. ಸೀದಾ ಡ್ರಾಯರಿಗೆ ಬಂದು, ತುಂಡುಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದು, ತಳದಿಂದ ಹಾಳೆ ತೆಗೆದಳು. ಕೆಲಸದ ಹೆಣ್ಣುಮಕ್ಕಳು ಮೆಷಿನ್ ನಿಲ್ಲಿಸಿ ನೋಡುತ್ತಿದ್ದರು. ನಾನು ಎಲ್ಲಿ ಏನು ಬಚ್ಚಿಡುತ್ತೇನೆಂದು ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ, "ಅದನ್ನ ಓದಿದ್ಯಾ?" ಎಂದಳು.

"ನಮ್ಮ ಬೀದೀದು ಮಾತ್ರ ನೋಡ್ದೆ."

"ಪೂರ್ತಿ ಓದು" ಎಂದು ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು.

ಮೊದಲನೇ ಸಾಲಿನಲ್ಲೇ ಇತ್ತು, ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು. ಇಸ್ತ್ರಿಯವನ ಮನೆ, ಹೆಂಡತಿ, ಏಳು ತಿಂಗಳು, ಜ್ವರ ಎರಡು ದಿನ, ಮಾತ್ರೆ ಮೊದಲು. ಇಸ್ತ್ರಿಯವನು ನಮ್ಮ ಬೀದಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ನಿಲ್ಲುವವನು. ನನ್ನ ಅಂಗಡಿಯಲ್ಲಿ ಹೊಲಿದ ಬಟ್ಟೆಗಳೆಲ್ಲ ಅವನ ಕೈ ದಾಟಿಯೇ ಗಿರಾಕಿಗೆ ಹೋಗುವುದು. ಅವನ ಹೆಂಡತಿ ಎರಡನೇ ವಾರದಲ್ಲಿ ಹೋಗಿದ್ದಳು, ಹೊಟ್ಟೆಯಲ್ಲಿದ್ದ ಮಗುವೂ ಹೋಗಿತ್ತು. ನಾನೇ ಹೋಗಿ ಅವನ ತಂಗಿಯ ಪಕ್ಕ ಕೂತು ಅತ್ತು ಬಂದಿದ್ದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದೆ. ಮಾತ್ರೆ ಬಂದಿದ್ದರೆ ಉಳಿಯುತ್ತಿದ್ದಳೋ ಏನೋ ಯಾರೂ ಹೇಳಲಾರರು ಎಂದು ಅಕ್ಕನೇ ಒಮ್ಮೆ ಹೇಳಿದಳು. ಸುಮಾರು ಎನ್ನುವ ಪದವನ್ನು ಸಹಿಸದವಳು ನನಗೋಸ್ಕರ ಅಂಥ ಒಂದು ಮಾತಾಡಿದಳು, ಅದರಿಂದ ನನಗೆ ಏನೂ ಹಗುರವಾಗಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ಯಾರೂ ಮಾಡು ಎಂದಿರಲಿಲ್ಲ. ದಿನಾ ಕೆಲಸ ಮುಗಿದ ಮೇಲೆ ಹನ್ನೊಂದು ಬೀದಿಯನ್ನೂ ಮತ್ತೆ ತಿರುಗಿ, ಆ ಮೂರು ವಾರದಲ್ಲಿ ಯಾರು ಯಾರು ಮಲಗಿದ್ದರು ಎಂದು ಕೇಳಿಕೊಂಡು ಬಂದಳು. ಮುಗಿದ ಜ್ವರಕ್ಕೆ ಕಂಬ ಬೀಳುವುದಿಲ್ಲವಾದ್ದರಿಂದ ಜನ ಹೇಳಿದರು. ಇನ್ನೂರ ಹನ್ನೆರಡು ಜ್ವರ, ಆರು ಸಾವು. ಸಾವಿನ ದಾಖಲೆ ಒಂದು ಕಚೇರಿಯಲ್ಲಿ, ಜ್ವರದ ಪಟ್ಟಿ ಇನ್ನೊಂದು ಕಚೇರಿಯಲ್ಲಿ. ಅತ್ತೆ ಸೊಸೆಯರ ಹಾಗೆ ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. ಆ ಆರು ಜನ ಉಸಿರಾಟದ ತೊಂದರೆಯಿಂದ ಸತ್ತವರಾಗಿ ಬೇರೆ ಕಡೆ ದಾಖಲಾಗಿದ್ದರು. ಅಕ್ಕ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ವಿಭಾಗದ ಅಧಿಕಾರಿಗೆ ತೋರಿಸಿದಳು. ಆಗಿದ್ದು ಆಯಿತಲ್ಲ, ಈಗ ಯಾಕೆ ಎಂದರಂತೆ ಅವರು.

ಒಂದು ವರ್ಷ ಕಳೆಯಿತು. ಫ್ಲೂ ಹೋದಮೇಲೆ, ದೇಶ ಅದನ್ನು ಹೇಗೆ ಎದುರಿಸಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂದು ನೋಡಲು ಒಂದು ಸಮಿತಿ ಮಾಡಿದರು. ಸಮಿತಿಯವರು ಊರೂರು ತಿರುಗಿ ನಮ್ಮ ವಿಭಾಗಕ್ಕೂ ಬರುತ್ತಾರೆಂದು ಗೊತ್ತಾಯಿತು. ಯಾಕೆ ಬರುತ್ತಾರೆಂದು ಗೊತ್ತಾದಾಗ ಅಕ್ಕನ ಮುಖ ಬಿಳಿಚಿಕೊಂಡಿತು. ಸುತ್ತಲಿನ ಬಡಾವಣೆಗಳೆಲ್ಲ ಬೇಯುತ್ತಿದ್ದಾಗ ಜ್ವರದಕ್ಕನ ಬಡಾವಣೆ ಮಾತ್ರ ಮೂರು ವಾರ ಸೊನ್ನೆಯಲ್ಲಿ ನಿಂತಿತ್ತಲ್ಲ, ಅದು ಹೇಗೆ ಎಂದು ಕಲಿಯಲು ಬರುತ್ತಿದ್ದರು. ಬೇರೆ ಕಡೆಯೂ ಅದೇ ಕ್ರಮ ತರಬೇಕಂತೆ. ಅಷ್ಟೇ ಅಲ್ಲ, ಮುಂದಿನ ಸಲದ ಲಸಿಕೆಯನ್ನು ಹೋದ ಸಲ ಹೆಚ್ಚು ನರಳಿದ ಬಡಾವಣೆಗಳಿಗೆ ಮೊದಲು ಕೊಡುವುದು ಎಂದು ತೀರ್ಮಾನವಾಗುತ್ತಿತ್ತು. ಸೊನ್ನೆ ಹಾಗೇ ಉಳಿದರೆ ನಮ್ಮ ಹನ್ನೊಂದು ಬೀದಿ ಸಾಲಿನ ಕೊನೆಗೆ.

ಅಧಿಕಾರಿ ಅಕ್ಕನನ್ನು ಕರೆಸಿ ಪಾಠ ಹೇಳಿಕೊಟ್ಟರು. ಮನೆಮನೆಗೆ ಹೋಗಿ ಕೈ ತೊಳೆಯುವುದನ್ನು ಕಲಿಸಿದೆವು ಎನ್ನಬೇಕಂತೆ. ಪ್ರಶಸ್ತಿ ಬರುವ ಸೂಚನೆ ಇದೆಯಂತೆ. ಜೊತೆಗೆ ಮೆತ್ತಗೆ ಇನ್ನೊಂದು ಮಾತು: ಪಟ್ಟಿ ಮೇಷ್ಟ್ರ ನಿವೃತ್ತಿಗೆ ಇನ್ನು ಎಂಟೇ ತಿಂಗಳು, ಸೊನ್ನೆಯ ತಲೆಬುಡ ಕೆದಕಿದರೆ ಮೊದಲು ಸಿಕ್ಕಿಬೀಳುವುದು ಅವರು. ಅಕ್ಕ ಇದನ್ನೆಲ್ಲ ನನಗೆ ಹೇಳಿ, ಬಟ್ಟೆ ಮಡಿಸುತ್ತಾ ಕೂತಳು. ನನ್ನ ಹೆಸರನ್ನು ಅವಳು ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ ನಾನೇ, "ನನ್ನ ವಿಷ್ಯ ಏನ್ ಮಾಡ್ತೀಯಾ?" ಎಂದು ಕೇಳಿದೆ. ನೋಡೋಣ ಎಂದಳು.

ಜ್ವರ ಬಂದು ಹೋದಾಗಿನಿಂದ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ಹಾಗಾಗಿ ಆ ದಿನ ನಾನೂ ಜೊತೆಗೆ ಹೋದೆ. ಎರಡನೇ ಮಹಡಿಯ ದೊಡ್ಡ ಕೋಣೆ, ಉದ್ದನೆಯ ಮೇಜು, ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸಿದ ಜ್ವರದ ರೇಖಾನಕ್ಷೆ. ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿದರು. ಸಮಿತಿಯ ಮುಖ್ಯಸ್ಥೆ ತೆಳ್ಳಗಿನ ಡಾಕ್ಟರಮ್ಮ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವಂಥವರು. ಒಳ್ಳೆಯ ಹೆಂಗಸು ಎಂದು ನೋಡಿದ ತಕ್ಷಣ ಅನ್ನಿಸಿತು. ಅದರಿಂದ ನನ್ನ ಹೆದರಿಕೆ ಹೆಚ್ಚಾಯಿತು. ನಕ್ಷೆಯಲ್ಲಿ ಗೆರೆಗಳೆಲ್ಲ ಮೇಲಕ್ಕೆ ಹತ್ತಿದ್ದವು, ನಮ್ಮ ಬಡಾವಣೆಯದು ಮಾತ್ರ ನೆಲಕ್ಕೆ ಅಂಟಿಕೊಂಡಿತ್ತು.

"ಈ ಮೂರು ವಾರ ನೀವು ಏನ್ ಮಾಡಿದ್ರಿ ಅಂತ ಹೇಳಿ. ಉಳಿದೋರೂ ಕಲೀಲಿ" ಎಂದರು ಡಾಕ್ಟರಮ್ಮ.

ಅಕ್ಕ ಎದ್ದು ನಿಂತು ಉಸಿರು ಸರಿಮಾಡಿಕೊಂಡಳು. "ಏನೂ ಮಾಡ್ಲಿಲ್ಲ ಡಾಕ್ಟರೇ. ನಂಗೇ ಜ್ವರ ಬಂದು ಮಲಗಿದ್ದೆ. ಎಣಿಸೋರು ಯಾರೂ ಇರ್ಲಿಲ್ಲ. ಅದು ಸೊನ್ನೆ ಅಲ್ಲ."

ಅಧಿಕಾರಿ ಕೆಮ್ಮಿದರು. ಅಕ್ಕ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಇನ್ನೂರ ಹನ್ನೆರಡು ಎಂದಳು, ಆರು ಎಂದಳು. ಆರು ಮನೆಗಳನ್ನೂ ಒಂದೊಂದಾಗಿ ಹೇಳಿದಳು. ಡಾಕ್ಟರಮ್ಮ ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡು ಪುಟ ತಿರುಗಿಸುತ್ತಾ ಹೋದರು. ಹಾಗಾದರೆ ಸೊನ್ನೆ ಬರೆದವರು ಯಾರು ಎಂದು ಕೇಳಿದಾಗ ಅಕ್ಕ ಬಾಯಿ ತೆರೆಯುವ ಮುಂಚೆಯೇ ಪಟ್ಟಿ ಮೇಷ್ಟ್ರು ಮಂಡಿ ಹಿಡಿದುಕೊಂಡು ಎದ್ದರು. "ನಾನು. ಖಾಲಿ ಬಿಟ್ರೆ ಪಟ್ಟೀನೇ ಮುಂದಕ್ಕೆ ಹೋಗಲ್ಲ ಡಾಕ್ಟರೇ. ತಿದ್ದೋಣ ಅಂತಿದ್ದೆ. ಹಳೇ ವಾರ ತಿದ್ದೋಕೆ ಅದು ಬಿಡಲ್ಲ ಅಂತ ಆಮೇಲೆ ಗೊತ್ತಾಯ್ತು." ಇಷ್ಟು ಹೇಳಿ ಅವರು ಕೂರಲೂ ಇಲ್ಲ, ಹಾಗೇ ನಿಂತರು.

ಡಾಕ್ಟರಮ್ಮ ಹಾಳೆಯನ್ನು ಕೈಗೆತ್ತಿಕೊಂಡಿದ್ದರು. ಅಕ್ಕ ಅದನ್ನೂ ನೋಟ್‌ಬುಕ್ಕಿನೊಳಗೆ ಇಟ್ಟಿದ್ದಳು. "ಮೊದಲನೇ ವಾರದ್ದು ತುಂಬಿದೆಯಲ್ಲ. ಇದು ಯಾಕೆ ಬಂದು ಸೇರಲಿಲ್ಲ?"

ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವರು ಅಕ್ಕ, ನಾನು, ಇಬ್ಬರೇ. ಪಟ್ಟಿ ಮೇಷ್ಟ್ರ ನೋಯುವ ಮಂಡಿ ಎದ್ದು ನಿಂತಿತ್ತು, ನನ್ನ ಗಟ್ಟಿ ಕಾಲು ಮೇಲೇಳಲಿಲ್ಲ.

"ನನ್ನ ಚೀಲದಲ್ಲೇ ಉಳೀತು. ಮರೆತುಬಿಟ್ಟೆ" ಎಂದಳು ಅಕ್ಕ.

ಜನ್ಮದಲ್ಲಿ ಒಂದು ಅಂಕಿಯನ್ನೂ ತಪ್ಪು ಹೇಳದವಳು ಸುಳ್ಳು ಹೇಳಿದಳು, ಅದನ್ನು ಡಾಕ್ಟರಮ್ಮನ ಪಕ್ಕದಲ್ಲಿ ಕೂತಿದ್ದ ಹುಡುಗಿ ಟೈಪ್ ಮಾಡಿಕೊಂಡಳು. ಮನೆಗೆ ಬರುವಾಗ ದಾರಿಯಲ್ಲಿ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನೀನು ಅಂಜುಬುರುಕಿ ಅಂತ ಗೊತ್ತಿದ್ದೂ ನಿನ್ನ ಕೈಗೆ ಕೊಟ್ಟೆನಲ್ಲ, ಅದು ನನ್ನ ತಪ್ಪೇ. ಎಣಿಕೆ ಸರಿಯಾಯ್ತು. ಬಿಡು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೀದಿಯ ನಡುವೆ ನಿಂತು ಅತ್ತೆ. ಅವಳಿಗೆ ಏದುಸಿರು ಬರುತ್ತಿತ್ತು, ನನಗಾಗಿ ಕಾಯುತ್ತಾ ಒಂದು ಜಗುಲಿಯ ಮೇಲೆ ಕೂತಳು.

ಆರು ತಿಂಗಳ ಮೇಲೆ ಸಮಿತಿಯ ವರದಿ ಬಂತು. ಒಳ್ಳೆಯ ವರದಿ ಎಂದೇ ಹೇಳಬೇಕು. ಎಣಿಸದೆ ಇದ್ದದ್ದನ್ನು ಇಲ್ಲವೆಂದು ಬರೆದದ್ದೇ ಈ ದೇಶ ಮಾಡಿದ ದೊಡ್ಡ ತಪ್ಪು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಇಂಥ ಸೊನ್ನೆಗಳು ಬೇರೆ ಬೇರೆ ಊರುಗಳಲ್ಲಿ ನೂರಾರು ಸಿಕ್ಕಿದವಂತೆ. ಈಗ ಪಟ್ಟಿಯಲ್ಲಿ ಹಾಳೆ ಬಂದಿಲ್ಲ ಎಂದು ಬರೆಯಲು ಬೇರೆ ಜಾಗ ಇದೆ. ಹಾಗೆ ಬರೆದರೆ ಮಾರನೇ ದಿನವೇ ಯಾರಾದರೂ ಬಂದು ನೋಡಬೇಕು. ಪಟ್ಟಿ ಮೇಷ್ಟ್ರನ್ನು ಒಂದು ಎಚ್ಚರಿಕೆಯ ಕಾಗದ ಕೊಟ್ಟು ಬಿಟ್ಟರು. ನಮ್ಮ ಬೀದಿಗಳಿಗೆ ಲಸಿಕೆ ಮೊದಲ ಸರದಿಯಲ್ಲೇ ಬಂತು. ಆದರೆ ತೊಂಬತ್ತನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಒಂದು ಬಡಾವಣೆಯಲ್ಲಿ ಆರೋಗ್ಯ ಕಾರ್ಯಕರ್ತೆಯು ತುಂಬಿದ ಹಾಳೆಯನ್ನು ಮರೆವಿನಿಂದ ತನ್ನಲ್ಲೇ ಇಟ್ಟುಕೊಂಡಿದ್ದು ಕಂಡುಬಂದಿದೆ.

ಆ ಒಂದು ಸಾಲಿಗೆ ಅಕ್ಕನನ್ನು ಬೀದಿಯ ಕೆಲಸದಿಂದ ತೆಗೆದು ಕೇಂದ್ರದ ಉಗ್ರಾಣದಲ್ಲಿ ಕೂರಿಸಿದರು. ಕೈಗವಸಿನ ಡಬ್ಬಿ ಜೋಡಿಸುವ ಕೆಲಸ. ಊರ ಬಾಯಿಗೆ ಬೀಗ ಹಾಕುವವರು ಯಾರು? ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಮಲಗಿದ್ದಳಂತೆ, ಇಷ್ಟು ವರ್ಷ ನೀರು ಕುಡಿದು ಮೋಸ ಮಾಡಿದಳು ಎಂದರು. ಇದ್ಯಾವುದಕ್ಕೂ ಅವಳು ಬಗ್ಗಲಿಲ್ಲ. ಇಸ್ತ್ರಿಯವನು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ, ಅದೊಂದು ಅವಳಿಗೆ ತಗುಲಿತು. ಬೆಳಿಗ್ಗೆ ಕೇಂದ್ರಕ್ಕೆ ಹೋಗಲು ಅವನ ಮೂಲೆ ದಾಟಬೇಕು. ಅವಳು ಒಂದು ಬೀದಿ ಸುತ್ತು ಹಾಕಿಕೊಂಡು ಹೋಗತೊಡಗಿದಳು, ಆ ಏದುಸಿರಿನಲ್ಲಿ. ಒಂದು ದಿನ ಹಾಗೆ ಸುತ್ತಿಕೊಂಡು ಬಂದವಳು ಮೆಟ್ಟಿಲ ಮೇಲೆ ಕುಸಿದು ಕೂತದ್ದನ್ನು ನೋಡಿದೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ನನಗೆ ಅಂದು ತಡೆಯಲಾಗಲಿಲ್ಲ, ಸೀದಾ ಇಸ್ತ್ರಿಯವನ ಮೂಲೆಗೆ ಹೋದೆ.

ಇಸ್ತ್ರಿಯವನ ಮೇಜಿನ ಮೇಲೆ ನನ್ನ ಅಂಗಡಿಯದೇ ಬಟ್ಟೆ ಇತ್ತು. ಅರ್ಧ ಮುಗಿದಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಹಾಳೆ ಕೊಟ್ಟದ್ದು, ಹನ್ನೆರಡು ನೋಡಿದ್ದು, ಡ್ರಾಯರು, ಕಾಲು ಉಳುಕಿದೆ ಎಂದ ಫೋನು. ಅಕ್ಕನ ಚೀಲದಲ್ಲಿ ಯಾವ ಹಾಳೆಯೂ ಉಳಿದಿರಲಿಲ್ಲ ಎಂದೆ. ಅವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಇಡೀ ಹೊತ್ತು ಅದರ ಹಿಡಿಯನ್ನೇ ನೋಡುತ್ತಿದ್ದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

"ಆ ಹಾಳೇಲಿ ನಮ್ಮನೆ ಇತ್ತಾ?" ಎಂದು ಕೇಳಿದ.

"ಇತ್ತು. ಮೊದಲನೇ ಸಾಲು. ಕೆಂಪು ಗೆರೆ ಎಳೆದು ಬರೆದಿದ್ಲು, ಮಾತ್ರೆ ಮೊದಲು ಅಂತ."

"ಅವತ್ತು ಅಕ್ಕ ನೀರು ಕೇಳಿದ್ರು. ಇವಳು ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು, ನಗ್‌ನಗ್ತಾನೆ ಲೋಟ ತಂದುಕೊಟ್ಳು. ನನಗೆ ಏನೂ ಇಲ್ಲ ಅಂದ್ಳು. ನಾನೇ ಹಾಗೆ ಹೇಳು ಅಂತ ಹೇಳಿಕೊಟ್ಟಿದ್ದೆ" ಎಂದ. "ಅಕ್ಕ ನಂಬಿಬಿಟ್ರು, ನನ್ನ ಮಾತಿಂದ್ಲೇ ಇವಳು ಹೋದ್ಲು ಅಂತ ಅಂದ್ಕೊಂಡಿದ್ದೆ. ಅದಕ್ಕೇ ಅಕ್ಕನ ಮುಖ ನೋಡೋಕೆ ಆಗ್ತಿರ್ಲಿಲ್ಲ."

ಅವನು ನನ್ನ ಬಟ್ಟೆಗಳನ್ನು, ಇಸ್ತ್ರಿ ಆದವನ್ನೂ ಆಗದವನ್ನೂ ಒಟ್ಟಿಗೆ ಸೇರಿಸಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟ. ಇನ್ನು ಮೇಲೆ ಬೇರೆ ಕಡೆ ಕೊಡಿ ಎಂದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ನನ್ನನ್ನು ದಾಟಿ, ಅಕ್ಕ ಕೂತಿದ್ದ ಮೆಟ್ಟಿಲ ಕಡೆಗೆ ಹೋದ.